ಗುದ್ದಿಸಿ ನೋಡಿ, ಆಮೇಲೆ ಹಸಿರು ಅನ್ನಿ

ಎಲೆಕ್ಟ್ರಿಕ್ ಲಾರಿ ಬಿಡುಗಡೆಯ ಫೋಟೋಗಳನ್ನು ನೀವೂ ನೋಡಿರ್ತೀರಿ. ಬಿಳಿ ಕ್ಯಾಬಿನ್ ಮೇಲೆ ಹಸಿರು ಎಲೆಯ ಸ್ಟಿಕ್ಕರ್, ಮುಂದೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಬಾವುಟ ಹಿಡಿದ ಮಂತ್ರಿ. ಬಂದವರ ಕೈಗೆ ಕೊಡುವ ಹೊಳಪು ಕಾಗದದಲ್ಲಿ ಎಲ್ಲವೂ ಇರುತ್ತೆ: ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್, ಎಷ್ಟು ಟನ್ ಹೊರುತ್ತೆ, ಎಷ್ಟು ನಿಮಿಷಕ್ಕೆ ಬ್ಯಾಟರಿ ತುಂಬುತ್ತೆ, ವರ್ಷಕ್ಕೆ ಎಷ್ಟು ಡೀಸೆಲ್ ಉಳಿಯುತ್ತೆ. ಒಂದು ಸಂಗತಿ ಮಾತ್ರ ಇರಲ್ಲ. ಫುಲ್ ಲೋಡ್ ಹಾಕಿಕೊಂಡ ಇನ್ನೊಂದು ಲಾರಿ ರಾತ್ರಿ ಎರಡು ಗಂಟೆಗೆ ಬಂದು ಇದರ ಪಕ್ಕೆಗೆ ಗುದ್ದಿದರೆ ಆ ಬ್ಯಾಟರಿ ಏನಾಗುತ್ತೆ?

ಮಾರುವವರನ್ನು ಕೇಳಿ ನೋಡಿ. "ಸರ್ಟಿಫೈಡ್ ಸಾರ್" ಅಂತಾರೆ. ಸುಳ್ಳಲ್ಲ, ಸರ್ಟಿಫಿಕೇಟ್ ಇದೆ. ಆದರೆ ಇಡೀ ಲಾರಿಯನ್ನು ಬ್ಯಾಟರಿ ಸಮೇತ ಗುದ್ದಿಸಿ ನೋಡಲೇಬೇಕು ಅನ್ನುವ ಕಡ್ಡಾಯ ಈ ದೇಶದಲ್ಲಿ ಇಲ್ಲ. ಕಂಪನಿಗಳು ಒಳಗೊಳಗೇ ಗುದ್ದಿಸಿ ನೋಡಿರಬಹುದು. ನೋಡಿದ್ದರೆ ತೋರಿಸಲಿ. ನಾವು ನೀವು ಕಾರು ಕೊಳ್ಳುವಾಗ "ಎಷ್ಟು ಸ್ಟಾರ್?" ಅಂತ ಕೇಳೋದನ್ನು ಕಲಿತಿದ್ದೀವಿ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಬಂದಿದೆ. ಕಾರನ್ನು 64 ಕಿಲೋಮೀಟರ್ ವೇಗದಲ್ಲಿ ಮುಂದಿನಿಂದ ಗುದ್ದಿಸ್ತಾರೆ, ಪಕ್ಕದಿಂದ ಗುದ್ದಿಸ್ತಾರೆ, ಹೆಚ್ಚು ಸ್ಟಾರ್ ಬೇಕಿದ್ದರೆ ಕಂಬಕ್ಕೂ ಗುದ್ದಿಸ್ತಾರೆ. ಪಂಚ್ ಇವಿ, ನೆಕ್ಸಾನ್ ಇವಿಗಳು 2024ರಲ್ಲಿ ಐದು ಸ್ಟಾರ್ ತಗೊಂಡಾಗ ನಮ್ಮ ಫೀಡ್ ತುಂಬ ಅದೇ ವಿಡಿಯೋ. ಆದರೆ ಈ ಪರೀಕ್ಷೆಗೆ 3.5 ಟನ್ನಿನ ಗೆರೆ ಇದೆ. ಗೆರೆಯ ಈಚೆ ಐಟಿ ಉದ್ಯೋಗಿಯ ಕಾರು. ಆಚೆ ಲಾರಿ, ಅದರ ಡ್ರೈವರು, ಅವನ ಕ್ಲೀನರು. ಅವರಿಗೆ ಸ್ಟಾರ್ ಇಲ್ಲ. ಲಾರಿಗಳಿಗೂ ಇಂಥ ರೇಟಿಂಗ್ ತರುವ ಮಾತನ್ನು ಕೇಂದ್ರ ಸಾರಿಗೆ ಸಚಿವ ಗಡ್ಕರಿ 2025ರಲ್ಲಿ ಆಡಿದ್ದಾರೆ. ಮಾತಿಗೆ ಸ್ವಾಗತ. ಅದರಲ್ಲಿ ಬ್ಯಾಟರಿಗೆ ಗುದ್ದು ಇರುತ್ತೋ ಇಲ್ಲವೋ ಅನ್ನೋದೇ ನನ್ನ ತಕರಾರು.

ಮುಂದೆ ಹೋಗುವ ಮೊದಲು ಎರಡು ಗುಂಪಿನವರನ್ನು ಸ್ವಲ್ಪ ಹೊರಗೆ ಕೂರಿಸಬೇಕು. ಮೊದಲನೆಯವರು ಫ್ಯಾಮಿಲಿ ಗ್ರೂಪಿನ ಮಾವಂದಿರು. ಎಲ್ಲೋ ಉರಿದ ಸ್ಕೂಟರಿನ ವಿಡಿಯೋ ಫಾರ್ವರ್ಡ್ ಮಾಡಿ "ನೋಡಿದ್ಯಾ, ಇದೆಲ್ಲ ಬಾಂಬು" ಅನ್ನೋರು. ಡೀಸೆಲ್ಲು, ಪೆಟ್ರೋಲು ಉರಿಯೋದಿಲ್ಲವಾ ಮಾವ? 2025ರ ಅಕ್ಟೋಬರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಸ್ಲೀಪರ್ ಬಸ್ಸಿನಡಿ ಕರ್ನೂಲಿನ ಹತ್ತಿರ ಒಂದು ಬೈಕ್ ಸಿಕ್ಕಿಕೊಂಡು ಬೆಂಕಿ ಹತ್ತಿತು, 19 ಪ್ರಯಾಣಿಕರು ಒಳಗೇ ಸುಟ್ಟುಹೋದರು. ಆ ಬಸ್ಸು ಎಲೆಕ್ಟ್ರಿಕ್ ಅಲ್ಲ. ಎರಡನೆಯವರು ನಮ್ಮದೇ ಕೆಫೆಟೇರಿಯಾದ ಇವಿ ಭಕ್ತರು. ಬೆಂಕಿಯ ಮಾತೆತ್ತಿದರೆ ಸಾಕು, "ಪೆಟ್ರೋಲ್ ಗಾಡಿಗೆ ಹೋಲಿಸಿದರೆ ಇವಿ ಬೆಂಕಿ ಕಡಿಮೆ" ಅಂತ ಬಾಯಿ ಮುಚ್ಚಿಸ್ತಾರೆ. ಕಾರಿನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ನಮ್ಮ ರಸ್ತೆಯಲ್ಲಿ ಹತ್ತು ವರ್ಷ ಓಡಿ, ಓವರ್‌ಲೋಡ್ ಆಗಿ, ನಾಲ್ಕು ಸಲ ಗುದ್ದಿಸಿಕೊಂಡ ಎಲೆಕ್ಟ್ರಿಕ್ ಲಾರಿ ಇನ್ನೂ ಹುಟ್ಟಿಲ್ಲವಲ್ಲ ಸ್ವಾಮಿ, ಯಾವ ಲೆಕ್ಕದಿಂದ ಅದರ ಬಗ್ಗೆ ಧೈರ್ಯ ಹೇಳ್ತೀರಿ? ಎಲೆಕ್ಟ್ರಿಕ್ ಲಾರಿ ಬರಬೇಕು. ಪೀಣ್ಯದಲ್ಲಿ, ಹೊಸಕೋಟೆಯಲ್ಲಿ ಉಸಿರಾಡುವ ಯಾರೂ ಬೇಡ ಅನ್ನಲ್ಲ. ಬರೋದೇ ಆದರೆ ಪರೀಕ್ಷೆ ಪಾಸಾಗಿ ಬರಲಿ ಅನ್ನೋದಷ್ಟೇ ಜಗಳ.

ಈ ಲಾರಿ ಹೊತ್ತು ತಿರುಗುವ ಶಕ್ತಿ ಎಷ್ಟು ಅಂತ ಒಂದು ಅಂದಾಜು ಬೇಕಾ? ಭಾರತದಲ್ಲಿ ಮಾರಾಟಕ್ಕಿರುವ 55 ಟನ್ ದರ್ಜೆಯ ಎಲೆಕ್ಟ್ರಿಕ್ ಲಾರಿಯೊಂದರ ಬ್ಯಾಟರಿ ಸುಮಾರು 280 ಕಿಲೋವ್ಯಾಟ್ ಅವರ್. ಅಂದರೆ 280 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಪುಕ್ಕಟೆ ಸಿಗುವ ಮಿತಿ 200 ಯೂನಿಟ್. ಒಂದು ಮನೆಯ ಒಂದೂವರೆ ತಿಂಗಳ ಫ್ಯಾನು, ಫ್ರಿಜ್ಜು, ಮಿಕ್ಸಿ, ಗೀಸರ್ ಎಲ್ಲ ಸೇರಿಸಿ ಚಾಸಿಗೆ ಕಟ್ಟಿ, ತುಮಕೂರು ರಸ್ತೆಯ ಮೇಲೆ ಬಿಟ್ಟ ಹಾಗೆ.

ಡೀಸೆಲ್ ಟ್ಯಾಂಕಿನಲ್ಲೂ ಶಕ್ತಿ ಇದೆ, ಇದಕ್ಕಿಂತ ಎಷ್ಟೋ ಜಾಸ್ತಿಯೇ ಇದೆ. ವ್ಯತ್ಯಾಸ ಇರೋದು ಅದು ಹೊರಬೀಳುವ ರೀತಿಯಲ್ಲಿ. ಡೀಸೆಲ್ ಉರಿಯೋಕೆ ಹೊರಗಿನ ಗಾಳಿ ಬೇಕು, ನೊರೆ ಮುಚ್ಚಿದರೆ ಆರುತ್ತೆ. ಬ್ಯಾಟರಿಯ ಸೆಲ್ ಒಳಗೆ ಎರಡು ಧ್ರುವಗಳ ನಡುವೆ ಇರೋದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ಗುದ್ದಿಗೆ ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್, ಅದರಿಂದ ಬಿಸಿ, ಬಿಸಿಯಿಂದ ರಾಸಾಯನಿಕ ಕ್ರಿಯೆ, ಆ ಕ್ರಿಯೆಯಿಂದ ಇನ್ನಷ್ಟು ಬಿಸಿ. ಪಕ್ಕದ ಸೆಲ್ಲಿಗೆ ಹಬ್ಬುತ್ತೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಇದನ್ನೇ ಥರ್ಮಲ್ ರನ್‌ಅವೇ ಅನ್ನೋದು. ನಮ್ಮ ಲಾರಿಗಳಲ್ಲಿ ಹೆಚ್ಚಾಗಿ ಬಳಸುವ ಎಲ್‌ಎಫ್‌ಪಿ ಸೆಲ್‌ಗಳು ಸುಲಭಕ್ಕೆ ಕೆರಳೋದಿಲ್ಲ, ಅದು ದೊಡ್ಡ ಸಮಾಧಾನ, ಒಪ್ಪೋಣ. ಆದರೆ ಕೆರಳಿದರೆ ಅವು ಕಕ್ಕುವ ಅನಿಲದಲ್ಲಿ ಹೈಡ್ರೋಜನ್ ಪಾಲು ದೊಡ್ಡದು. ಮುಚ್ಚಿದ ಗೋಡೌನಿನಲ್ಲಿ ಅದು ಶೇಖರವಾದರೆ ಒಂದು ಕಿಡಿ ಸಾಕು. "ಎಲ್‌ಎಫ್‌ಪಿ ಸಾರ್, ಉರಿಯಲ್ಲ" ಅನ್ನೋದು ಸೇಲ್ಸ್ ಮಾತು, ಎಂಜಿನಿಯರಿಂಗ್ ಅಲ್ಲ.

ಈಗ ಸರ್ಟಿಫಿಕೇಟಿಗೆ ಬರೋಣ. ಇದು ಸ್ವಲ್ಪ ಒಣ ವಿಷಯ, ಆದರೆ ಅನ್ಯಾಯ ಅಡಗಿರೋದು ಇಲ್ಲೇ. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ಆರ್-100 ಅಂತ ಒಂದು ನಿಯಮ ಇದೆ. ನಮ್ಮ ಎಐಎಸ್-038 ಅದರ ಅಚ್ಚಿನಿಂದಲೇ ಬಂದದ್ದು. ಬ್ಯಾಟರಿ ಪ್ಯಾಕನ್ನು ಒಂದು ಜಾರುಬಂಡಿಯಂಥ ಸಾಧನಕ್ಕೆ ಬಿಗಿದು ಝಾಡಿಸಿ ನೋಡುವ ಪರೀಕ್ಷೆ ಅದರಲ್ಲಿದೆ. ಆರ್-100ರ ಪ್ರಕಾರ ಕಾರು ಮತ್ತು ಪುಟ್ಟ ಗೂಡ್ಸ್ ಗಾಡಿಯ ಬ್ಯಾಟರಿ ಮುಂದುಹಿಂದಿನ ದಿಕ್ಕಿನಲ್ಲಿ 20 ಜಿ ಹೊಡೆತ ತಡೀಬೇಕು. ನೀವು ಸಿಗ್ನಲ್ಲಿನಲ್ಲಿ ಜೀವ ಬಿಟ್ಟು ಬ್ರೇಕ್ ಒತ್ತಿದರೂ ಒಂದು ಜಿ ದಾಟೋದು ಕಷ್ಟ, ಹಾಗಾಗಿ 20 ಅಂದರೆ ಭಾರಿ ಹೊಡೆತವೇ. ಮಧ್ಯಮ ಲಾರಿಗೆ ಇದು 10 ಜಿ. ಹನ್ನೆರಡು ಟನ್ ಮೀರಿದ ದೊಡ್ಡ ಲಾರಿಗೆ 6.6 ಜಿ. ಗಾಡಿ ದೊಡ್ಡದಾದಷ್ಟೂ, ಬ್ಯಾಟರಿ ದೊಡ್ಡದಾದಷ್ಟೂ ಪರೀಕ್ಷೆ ಮೆತ್ತಗಾಗ್ತಾ ಹೋಗುತ್ತೆ!

ಇದಕ್ಕೆ ಎಂಜಿನಿಯರುಗಳು ಕೊಡುವ ಕಾರಣ ಇದೆ, ಕಾರಣ ಸುಳ್ಳೂ ಅಲ್ಲ. ಕಾರು ಲಾರಿಗೆ ಗುದ್ದಿದರೆ ಜಜ್ಜಿಹೋಗೋದು ಕಾರು. ಭಾರದ ಲಾರಿಯ ವೇಗ ಅಷ್ಟು ಥಟ್ಟನೆ ತಗ್ಗಲ್ಲ, ಹಾಗಾಗಿ ಅದರ ಬ್ಯಾಟರಿಗೆ ತಾಗುವ ಝಾಡಿಕೆಯೂ ಕಮ್ಮಿ. ಸರಿ. ಆದರೆ ನಮ್ಮ ಹೆದ್ದಾರಿಯಲ್ಲಿ ಲಾರಿ ಗುದ್ದೋದು ಕಾರಿಗೆ ಮಾತ್ರವಾ? ಪಂಕ್ಚರ್ ಆಗಿ, ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಟೊಂಗೆ ಇಟ್ಟು ನಿಲ್ಲಿಸಿದ ಲಾರಿಗೆ ಹಿಂದಿನಿಂದ ಬಂದ ಲಾರಿ ಗುದ್ದೋದು ಎಷ್ಟು ಸಲ ಓದಿದ್ದೀರಿ? ಅಲ್ಲಿ ಎರಡೂ ಕಡೆ ಭಾರವೇ.

ಇನ್ನೊಂದು ಪರೀಕ್ಷೆ ಬ್ಯಾಟರಿಯನ್ನು ಒತ್ತುವುದು. ನೂರು ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಹತ್ತು ಟನ್ ಭಾರದಷ್ಟು ಬಲದಿಂದ ಪ್ಯಾಕನ್ನು ಅದುಮಿ ನೋಡ್ತಾರೆ. ಇದು ಆರ್-100ರಲ್ಲಿ ಯಾರಿಗೆ ಅನ್ವಯ ಗೊತ್ತಾ? ಕಾರಿಗೆ ಮತ್ತು 3.5 ಟನ್ನಿನೊಳಗಿನ ಪುಟ್ಟ ಗಾಡಿಗೆ ಮಾತ್ರ. ದೊಡ್ಡ ಲಾರಿಯ ಪ್ಯಾಕಿಗೆ ಅದುಮುವ ಪರೀಕ್ಷೆಯೇ ಇಲ್ಲ. ಕಾರಿನಲ್ಲಿ ಬ್ಯಾಟರಿ ನೆಲದಡಿ, ಸುತ್ತ ಬಾಗಿಲು, ಕಂಬ, ಉಕ್ಕಿನ ತೊಲೆ. ಲಾರಿಯಲ್ಲಿ ಅದು ಎಷ್ಟೋ ಸಲ ಡೀಸೆಲ್ ಟ್ಯಾಂಕ್ ಇದ್ದ ಜಾಗದಲ್ಲೇ, ಚಾಸಿಯ ಎರಡೂ ಪಕ್ಕೆಗೆ ನೇತಾಡುತ್ತೆ. ಪಕ್ಕದಿಂದ ಬಂದ ಬಂಪರ್ ಮೊದಲು ಮುಟ್ಟೋದೇ ಅದನ್ನು. ಇದರ ಮೇಲೆ ನಮ್ಮಲ್ಲಿ ಇನ್ನೊಂದು ಸಂಪ್ರದಾಯ: ಕಂಪನಿಯಿಂದ ಚಾಸಿ ಮತ್ತು ಕ್ಯಾಬಿನ್ ಬರುತ್ತೆ, ಹಿಂದಿನ ಬಾಡಿ ಕಟ್ಟೋದು ಊರಿನ ಶೆಡ್ಡಿನಲ್ಲಿ. ವೆಲ್ಡಿಂಗ್ ಮಾಡುವ ಹುಡುಗನಿಗೆ ಚಾಸಿಯ ಪಕ್ಕದ ಡಬ್ಬಿಯಲ್ಲಿ ಏನಿದೆ ಅಂತ ಹೇಳಿದವರು ಯಾರು?

ಕ್ಯಾಬಿನ್ನಿಗೆ ಒಂದು ಪರೀಕ್ಷೆ ಇದೆ, ಎಐಎಸ್-029. ದೊಡ್ಡ ಲೋಲಕದಿಂದ ಕ್ಯಾಬಿನ್ ಮುಖಕ್ಕೆ ಹೊಡೆದು ಡ್ರೈವರ್ ಕೂರುವಷ್ಟು ಜಾಗ ಒಳಗೆ ಉಳಿಯುತ್ತಾ ಅಂತ ನೋಡೋದು. ಒಳ್ಳೇದೇ. ಆದರೆ ಅದು ಬ್ಯಾಟರಿಯನ್ನು ಕೇಳೋದೇ ಇಲ್ಲ. ಕ್ಯಾಬಿನ್ನಿಗೊಂದು ಸರ್ಟಿಫಿಕೇಟು, ಬ್ಯಾಟರಿಗೊಂದು ಸರ್ಟಿಫಿಕೇಟು. ಎರಡೂ ಸೇರಿ ರಸ್ತೆಗೆ ಬಿದ್ದಾಗ ಏನಾಗುತ್ತೆ ಅನ್ನೋದಕ್ಕೆ ಯಾರೂ ಸಹಿ ಹಾಕಿಲ್ಲ.

ಗುದ್ದಿಸಿ ನೋಡೋದರಿಂದ ಏನು ಸಿಗುತ್ತೆ ಅನ್ನೋರಿಗೆ 2011ರ ಷೆವರ್ಲೆ ವೋಲ್ಟ್ ಕತೆ ಹೇಳಬೇಕು. ಅದು ಬ್ಯಾಟರಿ ಮತ್ತು ಪೆಟ್ರೋಲ್ ಎರಡೂ ಇದ್ದ ಕಾರು. ಆ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಗಾಗಿ ವಿಸ್ಕಾನ್ಸಿನ್‌ನ ಒಂದು ಪರೀಕ್ಷಾ ಕೇಂದ್ರದಲ್ಲಿ ಅದನ್ನು ಪಕ್ಕದಿಂದ ಕಂಬಕ್ಕೆ ಗುದ್ದಿಸಿದರು. ವೇಗ ಗಂಟೆಗೆ ಬರೀ 32 ಕಿಲೋಮೀಟರ್. ಆಮೇಲೆ ಕಾರನ್ನು ಮಗುಚಿ ನೋಡುವ ಪರೀಕ್ಷೆಯನ್ನೂ ಮಾಡಿದರು. ಕಾರಿಗೆ ಐದು ಸ್ಟಾರ್ ಬಂತು. ಕೇಂದ್ರದ ಅಂಗಳದಲ್ಲಿ ನಿಲ್ಲಿಸಿ ಎಲ್ಲರೂ ಮರೆತರು. ಮೂರು ವಾರ ಆದ ಮೇಲೆ, ಯಾರೂ ಮುಟ್ಟದೆ, ನಿಂತಲ್ಲೇ ಅದು ಉರಿಯಿತು. ಪಕ್ಕದಲ್ಲಿದ್ದ ಬೇರೆ ಗಾಡಿಗಳಿಗೂ ಹಬ್ಬಿತು.

ಮೂರು ವಾರ! ನಮ್ಮಲ್ಲಾದರೆ ಆ ಹೊತ್ತಿಗೆ ಇನ್ಷೂರೆನ್ಸ್ ಸರ್ವೇಯರ್ ಬಂದು ಹೋಗಿ, ಗಾಡಿ ಪೊಲೀಸ್ ಠಾಣೆಯ ಕಾಂಪೌಂಡಿನಲ್ಲೋ ಗ್ಯಾರೇಜಿನಲ್ಲೋ ಬಿದ್ದಿರುತ್ತೆ, ಅದರ ನೆರಳಲ್ಲಿ ಯಾರೋ ಟೀ ಕುಡೀತಿರ್ತಾರೆ.

ಅಮೆರಿಕದವರು ಅಲ್ಲಿಗೆ ಬಿಡಲಿಲ್ಲ. ನವೆಂಬರಿನಲ್ಲಿ ಮೂರು ಬ್ಯಾಟರಿ ಪ್ಯಾಕುಗಳಿಗೆ ಬೇಕಂತಲೇ ಅದೇ ಥರ ಪೆಟ್ಟು ಮಾಡಿ ಕಾದರು. ಒಂದು ವಾರದ ನಂತರ ಹೊತ್ತಿಕೊಂಡಿತು, ಇನ್ನೊಂದು ಹೊಗೆ, ಕಿಡಿ ಕಾರಿತು. ಗುದ್ದಿಗೆ ಪ್ಯಾಕಿನೊಳಕ್ಕೆ ಲೋಹ ನುಗ್ಗಿತ್ತು, ತಂಪು ಮಾಡುವ ದ್ರವ ಸೋರಿ ಒಳಗಿನ ಎಲೆಕ್ಟ್ರಾನಿಕ್ಸ್ ಮೇಲೆ ಇಳಿದಿತ್ತು. ಕಂಪನಿ ಬ್ಯಾಟರಿಯ ಸುತ್ತ ಉಕ್ಕು ಗಟ್ಟಿ ಮಾಡಿತು, ದ್ರವದ ಮಟ್ಟ ನೋಡುವ ಸೆನ್ಸರ್ ಹಾಕಿತು. 2012ರ ಜನವರಿಯಲ್ಲಿ ತನಿಖೆ ಮುಗಿಯಿತು. ರಸ್ತೆಯಲ್ಲಿ ಒಬ್ಬರೂ ಸಾಯದೆ ದೋಷ ಸಿಕ್ಕಿದ್ದು ಯಾಕೆ? ಯಾರೋ ಒಂದು ಕಾರನ್ನು ಕಂಬಕ್ಕೆ ಗುದ್ದಿಸುವ ದುಡ್ಡು ಖರ್ಚು ಮಾಡಿದ್ದರಿಂದ. ಗಮನಿಸಿ, ಅಲ್ಲಿ ಕೈಕೊಟ್ಟಿದ್ದು ಝಾಡಿಕೆಯ ಜಿ ಲೆಕ್ಕ ಅಲ್ಲ, ಪಕ್ಕದಿಂದ ಒಳನುಗ್ಗಿದ ಗುದ್ದು. ನಾವು ಲಾರಿಗೆ ಬಿಟ್ಟಿರೋದು ಸರಿಯಾಗಿ ಅದನ್ನೇ.

ಲಾರಿಯದ್ದೇ ಕತೆ ಬೇಕಂದರೆ ಅದೂ ಇದೆ. 2024ರ ಆಗಸ್ಟ್ 19ರ ಬೆಳಗಿನ ಜಾವ ಮೂರರ ಸುಮಾರಿಗೆ ಕ್ಯಾಲಿಫೋರ್ನಿಯಾದ ಎಮಿಗ್ರಂಟ್ ಗ್ಯಾಪ್ ಹತ್ತಿರ ಒಂದು ಟೆಸ್ಲಾ ಸೆಮಿ ಲಾರಿ ರಸ್ತೆ ಬಿಟ್ಟಿತು. ಗುದ್ದಿದ್ದು ಒಂದು ಮರಕ್ಕೆ. ಡ್ರೈವರಿಗೆ ಏನೂ ಆಗಲಿಲ್ಲ. ಬ್ಯಾಟರಿ ಹೊತ್ತಿತು. ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ ಪ್ರಕಾರ ಬೆಂಕಿ ಆರಿಸಿ ತಣ್ಣಗೆ ಮಾಡೋಕೆ ಸುಮಾರು 50,000 ಗ್ಯಾಲನ್ ನೀರು ಬೇಕಾಯ್ತು, ಕಾಡಿಗೆ ಹಬ್ಬದ ಹಾಗೆ ವಿಮಾನದಿಂದ ಅಗ್ನಿನಿರೋಧಕ ಸುರಿದರು, ಹೆದ್ದಾರಿ ಸುಮಾರು 15 ಗಂಟೆ ಬಂದ್ ಆಯ್ತು.

ಇದನ್ನು ಶಿರಾಡಿ ಘಾಟಿಗೆ ತನ್ನಿ. 50,000 ಗ್ಯಾಲನ್ ಅಂದರೆ ಒಂದು ಲಕ್ಷದ ತೊಂಬತ್ತು ಸಾವಿರ ಲೀಟರ್. ನಮ್ಮ ಸಾಮಾನ್ಯ ಫೈರ್ ಇಂಜಿನ್ನಿಗೆ ಹಿಡಿಯೋದು 4,500 ಲೀಟರ್. ನಲವತ್ತೆರಡು ಟ್ರಿಪ್. ಸಕಲೇಶಪುರದಿಂದ ಒಂದು, ಪುತ್ತೂರಿನಿಂದ ಒಂದು ಬರಬೇಕು, ಅದೂ ಎರಡೂ ಕಡೆ ಮೈಲುಗಟ್ಟಲೆ ನಿಂತ ವಾಹನಗಳ ಮಧ್ಯೆ ದಾರಿ ಮಾಡಿಕೊಂಡು. ವಿಮಾನದ ಮಾತು ಬಿಡಿ. ಟೆಸ್ಲಾ ಬ್ಯಾಟರಿ ನಮ್ಮ 280 ಯೂನಿಟ್ಟಿನ ಮೂರು ಪಟ್ಟು, ಹಾಗಾಗಿ ನಮಗೆ ಅಷ್ಟು ನೀರು ಬೇಕಾಗದೇ ಇರಬಹುದು. ಮೂರರಲ್ಲಿ ಒಂದು ಪಾಲು ಅಂತಲೇ ಇಟ್ಟುಕೊಳ್ಳಿ. ಹದಿನಾಲ್ಕು ಟ್ರಿಪ್. ಯಾವ ಘಾಟಿಯಲ್ಲಿ ಸಾಧ್ಯ?

ಇನ್ನು ಡ್ರೈವರಿಗೆ ಸಿಗುವ ಸಮಯ. 2022ರಲ್ಲಿ ದೇಶದಾದ್ಯಂತ ಸ್ಕೂಟರುಗಳು ಉರಿದವು, ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರಿನಿಂದ ತಂದೆ ಮಗಳು ಇಬ್ಬರೂ ಸತ್ತರು. ಆಮೇಲೆ ತಜ್ಞರ ಸಮಿತಿ ಆಯ್ತು, ಆ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಬ್ಯಾಟರಿ ನಿಯಮಗಳು ಬಿಗಿಯಾದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ನಮಗೆ ಹೊಸದಲ್ಲ. ಬಾವಿಯಾದರೂ ತೋಡಿದರಲ್ಲ, ಸರಿ. ಅಂತಾರಾಷ್ಟ್ರೀಯ ನಿಯಮ ಹೇಳೋದೇನಂದರೆ, ಒಂದು ಸೆಲ್ ಕೆರಳಿದರೆ ಒಳಗೆ ಕೂತವರಿಗೆ ಅಪಾಯ ತಟ್ಟುವ ಐದು ನಿಮಿಷ ಮೊದಲು ಎಚ್ಚರಿಕೆ ಸಿಗಬೇಕು. ಕಾರಿನಲ್ಲಿ ಕೂತವರಿಗೆ ಐದು ನಿಮಿಷ ಧಾರಾಳ. ಲಾರಿ ಡ್ರೈವರಿಗೆ? ಅವನು ಡಾಬಾ ಪಕ್ಕ ನಿಲ್ಲಿಸಿ ಕ್ಯಾಬಿನ್ನಿನಲ್ಲಿ ಮಲಗಿರ್ತಾನೆ, ಅಥವಾ ಗುದ್ದಿನ ನಂತರ ಸ್ಟಿಯರಿಂಗಿಗೂ ಸೀಟಿಗೂ ನಡುವೆ ಕಾಲು ಸಿಕ್ಕಿಕೊಂಡಿರ್ತಾನೆ. ನಮ್ಮ ಹೆದ್ದಾರಿಯಲ್ಲಿ ಕ್ಯಾಬಿನ್ ಕತ್ತರಿಸಿ ಡ್ರೈವರನ್ನು ಹೊರಗೆಳೆಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಯಾವ ಊರಿನ ಪೊಲೀಸಪ್ಪನನ್ನಾದರೂ ಕೇಳಿ. ಐದು ನಿಮಿಷದ ಮಾತೇ ಬರಲ್ಲ.

ಚೀನಾದವರು 2025ರಲ್ಲಿ ಇದನ್ನು ತಿದ್ದಿದರು. ಅವರ ಹೊಸ ಜಿಬಿ 38031 ಮಾನದಂಡ 2026ರ ಜುಲೈಗೆ ಜಾರಿಯಾಗುವಂತೆ ಬರೆದದ್ದು. ಅದರ ಪ್ರಕಾರ ಸೆಲ್ ಕೆರಳಿದರೂ ಎರಡು ಗಂಟೆ ಬೆಂಕಿ ಕಾಣಬಾರದು, ಸಿಡಿಯಬಾರದು. ಬ್ಯಾಟರಿಯ ತಳಕ್ಕೆ ಗುದ್ದುವ ಪರೀಕ್ಷೆಯೂ ಸೇರಿದೆ. ಐದು ನಿಮಿಷ ಎಲ್ಲಿ, ಎರಡು ಗಂಟೆ ಎಲ್ಲಿ! ನಮ್ಮ ಲಾರಿಗಳ ಸೆಲ್ ಬಹುಪಾಲು ಬರೋದು ಅಲ್ಲಿಂದಲೇ. ಮಾಲು ಅವರದ್ದು ಬೇಕು, ಮಾನದಂಡ ಮಾತ್ರ ಬೇಡವಾ?

"ಅಮೆರಿಕ, ಯುರೋಪಿನಲ್ಲೇ ದೊಡ್ಡ ಲಾರಿ ಗುದ್ದಿಸಲ್ಲ, ನಮಗ್ಯಾಕೆ" ಅನ್ನೋ ವಾದ ಖಂಡಿತ ಬರುತ್ತೆ. ನಿಜ, ಎಲ್ಲರ ಮನೆ ದೋಸೆಯೂ ತೂತೇ. ಅಮೆರಿಕ 2024ರ ಕೊನೆಗೆ ಭಾರಿ ವಾಹನಗಳ ಬ್ಯಾಟರಿಗೂ ನಿಯಮ ವಿಸ್ತರಿಸಿತು, ಆದರೆ ಭಾರಿ ಗಾತ್ರದವುಗಳಲ್ಲಿ ಗುದ್ದಿಸೋದು ಶಾಲಾ ಬಸ್ಸನ್ನು ಮಾತ್ರ. ಯುರೋಪಿನಲ್ಲಿ ಅದೇ ವರ್ಷ ಲಾರಿಗಳಿಗೂ ಸ್ಟಾರ್ ಕೊಡೋಕೆ ಶುರು ಮಾಡಿದರು. ಅದು ಡ್ರೈವರಿಗೆ ಸುತ್ತ ಕಾಣುತ್ತಾ, ಬ್ರೇಕ್ ತಾನಾಗಿ ಬೀಳುತ್ತಾ ಅನ್ನೋದರ ಮೇಲೆ. ಆದರೆ ಅಮೆರಿಕದ ಆ ಶಾಲಾ ಬಸ್ಸನ್ನೇ ನೋಡಿ. ಭಾರಿ ವಾಹನವನ್ನು ಗುದ್ದಿಸೋಕೆ ಆಗಲ್ಲ ಅನ್ನೋ ಮಾತು ಅಲ್ಲೇ ಬಿದ್ದುಹೋಯ್ತು. ಒಳಗೆ ಮಕ್ಕಳಿದ್ದರೆ ಗುದ್ದಿಸಬಹುದು, ಡ್ರೈವರಿದ್ದರೆ ಆಗಲ್ಲ ಅಂತ ಅರ್ಥವಾ? ಅಲ್ಲದೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇಷ್ಟು ಹೆಣ ಎಣಿಸುವ ದೇಶ ಯುರೋಪಿನ ದಾರಿ ಕಾಯೋದು ಯಾವ ನ್ಯಾಯ?

ದುಡ್ಡಿಲ್ಲ ಅನ್ನೋದಂತೂ ಬೇಡ. ಪಿಎಂ ಇ-ಡ್ರೈವ್‌ನಲ್ಲಿ ಎಲೆಕ್ಟ್ರಿಕ್ ಲಾರಿಗಳಿಗೇ 500 ಕೋಟಿ ತೆಗೆದಿಟ್ಟಿದ್ದಾರೆ, ಒಂದು ಲಾರಿಗೆ 9.6 ಲಕ್ಷದವರೆಗೆ, ಸುಮಾರು 5,600 ಲಾರಿಗೆ. 2025ರ ಜುಲೈನಲ್ಲಿ ಬಂದ ಮಾರ್ಗಸೂಚಿ ಬ್ಯಾಟರಿಗೆ ಐದು ವರ್ಷ ಅಥವಾ ಐದು ಲಕ್ಷ ಕಿಲೋಮೀಟರ್ ವಾರಂಟಿ ಕೊಡಲೇಬೇಕು ಅನ್ನುತ್ತೆ. ಹಳೇ ಲಾರಿ ಗುಜರಿಗೆ ಹಾಕಿದ ಚೀಟಿ ಕೇಳುತ್ತೆ. ಮಾಲೀಕನ ಬಂಡವಾಳ ಐದು ಲಕ್ಷ ಕಿಲೋಮೀಟರ್ ಬಾಳಬೇಕು ಅನ್ನೋ ಕಾಳಜಿ ಇದೆ. ಪ್ರತಿ ಮಾಡೆಲ್ಲಿನ ಒಂದೇ ಒಂದು ಲಾರಿಯನ್ನು ಬ್ಯಾಟರಿ ತುಂಬಿಸಿ, ಲೋಡ್ ಹಾಕಿ, ಪಕ್ಕದಿಂದ ಗುದ್ದಿಸಿ, ಮೂರು ವಾರ ಅಂಗಳದಲ್ಲಿ ನಿಲ್ಲಿಸಿ, ಏನಾಯ್ತು ಅಂತ ಜನರ ಮುಂದಿಡಿ ಅಂತ ಅದೇ ಕಾಗದದಲ್ಲಿ ಒಂದು ಷರತ್ತು ಹಾಕೋಕೆ ಏನಡ್ಡಿ? ಪುಣೆಯಲ್ಲಿ, ಮಾನೇಸರದಲ್ಲಿ ಪರೀಕ್ಷಾ ಕೇಂದ್ರಗಳಿವೆ. ಇನ್ನೊಂದು ಹೊಸ ರಿಗ್ ಬೇಕಾದರೆ ಆ 500 ಕೋಟಿಯ ಒಂದು ಮೂಲೆ ಸಾಕು.

ಗುದ್ದಿಸೋದರ ಜೊತೆಗೆ ಇನ್ನೊಂದು ಸಣ್ಣ ಕೆಲಸ ಇದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಲಾರಿಯ ಹೈ ವೋಲ್ಟೇಜ್ ಕಡಿತ ಮಾಡುವ ಜಾಗ ಎಲ್ಲಿದೆ, ಎಲ್ಲಿ ಕತ್ತರಿಸಬಾರದು, ನೀರು ಎಲ್ಲಿಗೆ ಬಿಡಬೇಕು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಅಗ್ನಿಶಾಮಕ ಠಾಣೆಗೆ ಕೊಡೋದು. ಅಮೆರಿಕದಲ್ಲಿ ಕಂಪನಿಗಳು ಇಂಥ ಕೈಪಿಡಿ ಕೊಟ್ಟಿದ್ದವು. ಎನ್‌ಟಿಎಸ್‌ಬಿ ಅವನ್ನು ಓದಿ, ಸಾಲದು ಅಂತ 2021ರಲ್ಲಿ ಹೊರತಂದ ವರದಿಯಲ್ಲಿ ಹೇಳಿತು. ನಮ್ಮಲ್ಲಿ ಆ ಹಾಳೆ ಹಾಸನದ ಠಾಣೆಯಲ್ಲಿ ಕನ್ನಡದಲ್ಲಿ ಇರಬೇಕು. ಡ್ರೈವರಿಗೆ ಅವನ ಭಾಷೆಯಲ್ಲಿ, ಅದು ಹಿಂದಿಯೋ ತಮಿಳೋ ಒಡಿಯಾವೋ.

ಇದನ್ನು ಓದ್ತಿರೋರಲ್ಲಿ ಒಂದಷ್ಟು ಜನ ಲಾರಿ ಕಂಪನಿಗಳಲ್ಲೇ ಇದ್ದೀರಿ, ಬ್ಯಾಟರಿ ಸಾಫ್ಟ್‌ವೇರ್ ಬರೀತೀರಿ. ಇನ್ನೊಂದಷ್ಟು ಜನ ಇ-ಕಾಮರ್ಸು, ಸಿಮೆಂಟು, ಉಕ್ಕು, ಎಫ್‌ಎಂಸಿಜಿ ಕಂಪನಿಗಳಲ್ಲಿ ಸಾಗಾಣಿಕೆಯ ಟೆಂಡರ್ ಕರೀತೀರಿ, ಸಸ್ಟೈನಬಿಲಿಟಿ ರಿಪೋರ್ಟಿನಲ್ಲಿ "ನಮ್ಮ ಇಷ್ಟು ಶೇಕಡಾ ಲಾರಿಗಳು ಎಲೆಕ್ಟ್ರಿಕ್" ಅಂತ ಗ್ರಾಫ್ ಹಾಕ್ತೀರಿ. ಸರ್ಕಾರ ಏಳೋವರೆಗೂ ಕಾಯಬೇಕಿಲ್ಲ. ಮುಂದಿನ ಟೆಂಡರಿನ ತಾಂತ್ರಿಕ ಷರತ್ತುಗಳಲ್ಲಿ ಈ ಸಾಲು ಸೇರಿಸಿ, ಕನ್ನಡದಲ್ಲೇ ಬೇಕಂತಿಲ್ಲ: "ಬ್ಯಾಟರಿ ಪೂರ್ತಿ ತುಂಬಿದ, ಲೋಡ್ ಹಾಕಿದ ಲಾರಿಗೆ ಪಕ್ಕದಿಂದ ಗುದ್ದಿಸಿದ ಪರೀಕ್ಷೆಯ ವರದಿ ಮತ್ತು ಆಮೇಲಿನ ಮೂರು ವಾರಗಳ ತಾಪಮಾನದ ದಾಖಲೆ ಲಗತ್ತಿಸತಕ್ಕದ್ದು. ಇಲ್ಲದ ಬಿಡ್ ಪರಿಗಣಿಸುವುದಿಲ್ಲ."